ಅರಿಶಿಣಕ್ಕೆ ಕೂಡದ ಹಳದಿ

ಒಂದೇ ಮದುವೆಗೆ ಮೂರು ಥರದ ಕ್ಯಾಮೆರಾ ಕರೆಸುವವರಿಗೆ ದಂಡ ಹಾಕಬೇಕು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಯಾರು ಕೇಳುತ್ತಾರೆ? ಶೂಟ್ ಮಾಡುವವರು ಮಾಡಿ, ಉಂಡು, ಎಲೆಅಡಿಕೆ ಹಾಕಿಕೊಂಡು, ಮೆಮೊರಿ ಕಾರ್ಡು ನನ್ನ ಟೇಬಲ್ಲಿನ ಮೇಲೆ ಒಗೆದು ಹೋಗುತ್ತಾರೆ. ಆಮೇಲೆ ತಲೆಯೂ ನನ್ನದು, ತಲೆನೋವೂ ನನ್ನದು.

ನಾನು ಸುಮಂಗಲಾ. ಕುಕನೂರು ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಅಂಗಡಿ. ಮುಂದಿನ ಅರ್ಧದಲ್ಲಿ ಗಂಡ ಪಂಪಾಪತಿ ಫ್ಲೆಕ್ಸ್ ಬ್ಯಾನರ್ ಮಾಡುತ್ತಾನೆ, ಹಿಂದಿನ ಅರ್ಧದಲ್ಲಿ ನಾನು ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತೇನೆ. ಬೋರ್ಡಿನ ಮೇಲೆ ‘ಮಿಕ್ಸಿಂಗ್’ ಅಂತ ಓದಿ, ಸುಟ್ಟ ಮಿಕ್ಸರ್ ಹಿಡಿದುಕೊಂಡು ರಿಪೇರಿಗೆ ಬಂದವರೂ ಇದ್ದಾರೆ. ಅಂಥವರಿಗೆ ಒಳ್ಳೆಯ ಮಾತಿನಲ್ಲಿ ಹೇಳಿ ಕಳಿಸುವಷ್ಟು ತಾಳ್ಮೆ ದೇವರು ನನಗೆ ಕೊಟ್ಟಿಲ್ಲ. ಕ್ಯಾಮೆರಾದವರಿಗಂತೂ ನನ್ನ ಬಾಯಿ ಗೊತ್ತೇ ಇದೆ.

ಅವತ್ತಿನ ಮದುವೆ ಅಮೃತಾಳದು. ಹುಡುಗಿಯ ಅಪ್ಪ ಇಲ್ಲ. ಯಲಬುರ್ಗಾದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಕಾಕಾ ಕೊಟ್ರಪ್ಪನೇ ಎಲ್ಲ ಹೊತ್ತುಕೊಂಡಿದ್ದ. ಬೀಗರು ಕೊಪ್ಪಳದವರು. ತಾಳಿ ಕಟ್ಟಿ ಅಕ್ಕಿಕಾಳು ಒಗೆಯುವುದು ನಮ್ಮೂರಿನ ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಅರಿಶಿಣ, ಸುರಗಿ ಸ್ನಾನ ಎಲ್ಲ ಸೇರಿಸಿ ಒಂದು ಸಣ್ಣ ಫಿಲ್ಮು ಮಾಡಿ, ಮರುದಿನ ಬೆಳಗ್ಗೆ ಮಂದಿ ಕೂಡುವಾಗ ಸ್ಟೇಜಿನ ಬಾಜೂ ದೊಡ್ಡ ಎಲ್‌ಇಡಿ ಪರದೆಯ ಮೇಲೆ ತೋರಿಸಬೇಕು. ಈಗ ಎಲ್ಲರಿಗೂ ಅದೇ ಹುಚ್ಚು.

ಅರಿಶಿಣದ ದಿನ ಮಧ್ಯಾಹ್ನ ಕಾರ್ಡು ತರಲು ನಾನೇ ಮಂಟಪಕ್ಕೆ ಹೋಗಿದ್ದೆ. ಹುಡುಗಿಯ ತಾಯಿ ಶಂಕ್ರಮ್ಮ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಫೋನು. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ನನ್ನನ್ನೂ ಕೇಳಿದರು.

“ನೀ ಕಂಪ್ಯೂಟರ್ ಕೆಲಸದಾಕಿ ಅಲ್ಲನವಾ? ಸ್ವಲ್ಪ ನೋಡು. ನಮ್ಮ ಹಾಲೇಶಂದು ನಿನ್ನೆ ಸಂಜಿಯಿಂದ ಫೋನ ಹತ್ತವಲ್ದು.”

ಹಾಲೇಶ ಅವರ ಮಗ, ಅಮೃತಾಳ ಅಣ್ಣ. ನಮ್ಮ ಕಡೆ ಗುಡ್ಡದ ಮೇಲೆಲ್ಲ ಕರೆಂಟು ತಯಾರಿಸುವ ಗಾಳಿ ಫ್ಯಾನು ನಿಲ್ಲಿಸಿದಾಗ ಆ ಕೆಲಸ ಕಲಿತವನು, ಈಗ ಗುಜರಾತದ ಕಛ್‌ನಲ್ಲಿ ಅದೇ ಫ್ಯಾನು ಹತ್ತಿ ಇಳಿಯುತ್ತಾನೆ. ತಂಗಿಯ ಮದುವೆಗೆ ಬರಬೇಕಾಗಿತ್ತು, ಬಂದಿರಲಿಲ್ಲ. ಫೋನು ತಗೊಂಡು ನೋಡಿದೆ. ಸ್ವಿಚ್ ಆಫ್ ಅಂತ ಬಂತು.

“ಚಾರ್ಜ್ ಇರಲಿಕ್ಕಿಲ್ಲರಿ. ರೈಲಿನಾಗ ಇರಬೇಕು,” ಎಂದೆ.

“ಅದೆಲ್ಲಾ ಗೊತ್ತಿಲ್ಲ. ಅವನ ಮಾರಿ ನೋಡದ ನಾ ಅಕ್ಕಿಕಾಳು ಒಗಿಯಂಗಿಲ್ಲ ನೋಡು. ಅಪ್ಪ ಇಲ್ಲದ ಹುಡುಗಿ, ಅಣ್ಣನೂ ಇಲ್ಲದ ತಾಳಿ ಕಟ್ಟಿಸಿಕೊಳ್ಳಬೇಕೇನು?” ಎಂದರು. ಫೋನು ಕಸಿದುಕೊಂಡು ಮತ್ತೆ ಅದೇ ನಂಬರ್ ಒತ್ತಿದರು.

ಅಂಗಡಿಗೆ ಬಂದು ಕಾರ್ಡು ಹಾಕಿದರೆ ನನ್ನ ತಲೆ ಗಿರ್ರೆಂದಿತು. ಗಂಗಾವತಿಯ ಶಾಮೀದಸಾಬ ಹೊಸ ಕ್ಯಾಮೆರಾದಲ್ಲಿ ಹೊಡೆದದ್ದು ಬೂದಿ ಬಳಿದಂತೆ ಸಪ್ಪಗೆ. ಅದರಲ್ಲಿ ಬಣ್ಣ ಆಮೇಲೆ ನಾವು ತುಂಬಬೇಕು. ಮಂಟಪದವರ ಹಳೆಯ ಕ್ಯಾಮೆರಾದಲ್ಲಿ ಎಲ್ಲರಿಗೂ ಕಾಮಾಲೆ, ಅದೂ ಸಾಲದೆ ಕೈ ಅಲ್ಲಾಡಿಸಿದರೆ ಸಾಕು ಬಾಚಣಿಕೆ ಹಲ್ಲಿನಂಥ ಗೆರೆ. ಡ್ರೋನಿನದು ಪೂರ್ತಿ ನೀಲಿ. ಒಂದು ಸೆಕೆಂಡಿಗೆ ಇಷ್ಟು ಚಿತ್ರ ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹಾಗೇ ಜೋಡಿಸಿದರೆ ಮದುಮಗಳು ಒಂದು ಹೆಜ್ಜೆಗೆ ಬೂದಿಯಾಗಿ, ಮುಂದಿನ ಹೆಜ್ಜೆಗೆ ಹಳದಿಯಾಗಿ, ಮೂರನೆಯದಕ್ಕೆ ನೀಲಿಯಾಗಿ ನಡೆಯುತ್ತಾಳೆ.

ನನ್ನ ಪದ್ಧತಿ ಸರಳ. ಮೊದಲು ಅರಿಶಿಣ ಹಿಡಿಯುತ್ತೇನೆ. ಮೂರೂ ಕ್ಯಾಮೆರಾದಲ್ಲಿ ಅರಿಶಿಣ ಒಂದೇ ಅರಿಶಿಣ ಆಗುವ ತನಕ ಉಳಿದದ್ದು ಮುಟ್ಟುವುದಿಲ್ಲ. ಆಮೇಲೆ ಕುಂಕುಮ, ಆಮೇಲೆ ಮಂದಿಯ ಮುಖ. ಅರಿಶಿಣದ ಬಣ್ಣ ನಮ್ಮ ಕಡೆ ಹೆಂಗಸರಿಗೆ ಕಣ್ಣಿನಲ್ಲೇ ಇರುತ್ತದೆ. ಸ್ವಲ್ಪ ಹೆಚ್ಚುಕಮ್ಮಿಯಾದರೂ ‘ಇದೇನವಾ, ಕಡ್ಲಿಹಿಟ್ಟು ಹಚ್ಚೀರೇನು’ ಅಂತ ಕೇಳಿಬಿಡುತ್ತಾರೆ.

ಹೊತ್ತು ಇಳಿಯುವಾಗ ಮೂರೂ ಒಂದು ಹದಕ್ಕೆ ಬಂದಿದ್ದವು. ಅಷ್ಟರಲ್ಲಿ ಕೊಟ್ರಪ್ಪ ಬಂದ. ಅಂಗಿಯ ಮೇಲೆ ಸುರಗಿ ನೀರಿನ ಕಲೆ, ಕಣ್ಣು ಕೆಂಪಗೆ. ಮದುವೆ ಮನೆಯ ನಿದ್ದೆಗೇಡು ಎಂದುಕೊಂಡೆ.

“ತಂಗಿ, ಹಾಲೇಶ ಗೆಳೆಯಾನ ಫೋನಿನಿಂದ ವಿಡಿಯೋ ಕಳಿಸ್ಯಾನ. ರಜಾ ಸಿಗಲಿಲ್ಲಂತ. ಇದನ್ನೂ ಆ ಫಿಲ್ಮಿನಾಗ ಹಾಕಬೇಕು. ನಮ್ಮ ವೈನಿ ನೋಡಬೇಕು,” ಎಂದ. ವೈನಿ ಎಂದರೆ ಅತ್ತಿಗೆ, ಶಂಕ್ರಮ್ಮ.

ಅವನ ಫೋನಿನಲ್ಲಿ ನೋಡಿದೆ. ಹಾಲೇಶ ಫ್ಯಾನಿನ ತುದಿಯಲ್ಲಿ ಕೂತಿದ್ದ. ತಲೆಗೆ ಹಳದಿ ಹೆಲ್ಮೆಟ್, ಹಿಂದೆ ಬರೇ ಆಕಾಶ. ನಗುತ್ತ ಹೇಳುತ್ತಿದ್ದ: “ಕಾಕಾ, ಎಷ್ಟ ಎತ್ತರದಾಗ ಅದೀನಂತ ಅವ್ವಗ ಹೇಳಬ್ಯಾಡ್ರಿ, ಎದಿ ಒಡಕೊಂತಾಳ. ಮುಂದಿನದಷ್ಟ ತೋರಸ್ರಿ.” ಆಮೇಲೆ ಫೋನು ಮುಖದ ಹತ್ತಿರ ತಂದು, “ಅವ್ವಾ, ಅರಾಮ ಅದೀನಿ. ನನ್ನ ಚಿಂತಿ ಮಾಡಬ್ಯಾಡ. ಅಮ್ಮೂನ್ನ ಛಲೋ ನೋಡ್ಕೋ,” ಅಂತ ತಂಗಿಯನ್ನೂ ನೆನೆದು ಕೈ ಬೀಸಿದ. ಅಷ್ಟೇ.

“ಮೊದಲಿನ ಮಾತು ಕಡದ ಬಿಡು,” ಎಂದ ಕೊಟ್ರಪ್ಪ. “ಮತ್ತ... ಇದು ಇವತ್ತ ತಗದದ್ದು ಅನ್ನೂ ಹಂಗ ಕಾಣಬೇಕು. ಉಳದದ್ದರ ಜೋಡಿ ಕೂಡಬೇಕು. ಬ್ಯಾರೆ ಅನಿಸಬಾರದು.”

“ಸಾವಕಾರ್ರ, ಇದು ವಾಟ್ಸಾಪಿನಾಗ ಹತ್ತ ಮಂದಿ ಕೈ ಹಾದು ಬಂದಂಗ ಐತಿ. ಪೂರಾ ಒಡದೈತಿ. ಉದ್ದಕ ನಿಂದ್ರಿಸಿ ಬ್ಯಾರೆ ತಗದಾನ. ಮತ್ತ ಈ ಬ್ಯಾಸಗ್ಯಾಗ ಸ್ವೆಟರ್ ಯಾಕ ಹಾಕ್ಯಾನ?”

“ಎತ್ತರದಾಗ ಥಂಡಿ ಇರ್ತೈತಿ,” ಎಂದ. ನನ್ನ ಮುಖ ನೋಡಲಿಲ್ಲ. “ಹೆಂಗರ ಮಾಡು ತಂಗಿ. ನಿನಗ ಕೈ ಮುಗಿತೀನಿ.”

ಒಬ್ಬ ಸಾವಕಾರ ನನಗೆ ಕೈ ಮುಗಿದದ್ದು ಅದೇ ಮೊದಲು. ಬಣ್ಣದ ಸಲುವಾಗಿ ಇಷ್ಟು ಯಾಕೆ ಒದ್ದಾಡುತ್ತಾನೆ ಅನ್ನಿಸಿತು. ಕೇಳಲಿಲ್ಲ. ನನಗೆ ಆಗ ಕಂಡದ್ದು ಆ ಹಾಳು ಕ್ಲಿಪ್ಪು ಮಾತ್ರ.

ಹಾಳೆಂದರೆ ಹಾಳು! ಹೆಲ್ಮೆಟ್ಟಿನ ಹಳದಿಯನ್ನು ನಮ್ಮ ಅರಿಶಿಣಕ್ಕೆ ಕೂಡಿಸಿದರೆ ಹುಡುಗನ ಮುಖ ಹಸಿರಾಗುತ್ತಿತ್ತು. ಮುಖ ಸರಿ ಮಾಡಿದರೆ ಆಕಾಶ ನೇರಳೆ ಹಣ್ಣಾಗುತ್ತಿತ್ತು. ಆಕಾಶ ಸರಿ ಮಾಡಿದರೆ ಮುಖದ ತುಂಬ ಚೌಕ ಚೌಕ ಬಿಲ್ಲೆ. ಸೊಂಟ ನೋಯಿತು, ಚಹಾ ಆರಿತು, ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಕೊನೆಗೆ ಎಲ್ಲ ಮಿಕ್ಸಿಂಗಿನವರು ಮಾಡುವ ಉಪಾಯ ಮಾಡಿದೆ. ಬಣ್ಣ ಕೂಡದಿದ್ದರೆ ಬಣ್ಣವನ್ನೇ ತೆಗೆ, ಜಗಳವೇ ಇಲ್ಲ. ಆ ಒಂದು ತುಣುಕನ್ನು ಕಪ್ಪುಬಿಳುಪು ಮಾಡಿದೆ. ಬಿಲ್ಲೆ ಕಾಣದಿರಲೆಂದು ಸುತ್ತ ಬಿಳಿ ಮಂಜು ಹಾಕಿದೆ. ಚಿತ್ರ ತಡವರಿಸುತ್ತಿತ್ತು, ನಿಧಾನ ಮಾಡಿದೆ. ಎರಡೂ ಪಕ್ಕದ ಖಾಲಿ ಜಾಗಕ್ಕೆ ಮೇಲಿಂದ ಹೂವಿನ ಪಕಳೆ ಉದುರಿಸಿದೆ. ಹಿಂದೆ ಸಣ್ಣಗೆ ಕೊಳಲು. ನೋಡಿದರೆ ದೊಡ್ಡ ಪೇಟೆಯವರು ಮಾಡಿದಷ್ಟು ಚೆಂದ! ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಮರುದಿನ ಬೆಳಗ್ಗೆ ಮಂಟಪದಲ್ಲಿ ಮಂದಿ ಗಿಜಿಗಿಜಿ. ನಾನು ಲ್ಯಾಪ್‌ಟಾಪ್ ಹಿಡಿದು ಪರದೆಯ ಹತ್ತಿರ ಕೂತೆ, ಶಾಮೀದ ವೈರು ಚುಚ್ಚಿದ. ಶಂಕ್ರಮ್ಮನನ್ನು ಕೊಟ್ರಪ್ಪನೇ ಕೈ ಹಿಡಿದು ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. “ನೋಡ್ರಿ ವೈನಿ, ಹಾಲೇಶ ಬರ್ತಾನ ಈಗ,” ಎಂದ. ಅವರು ಕಣ್ಣು ಒರೆಸಿಕೊಂಡು ಕೂತರು.

ಫಿಲ್ಮು ಶುರುವಾಯಿತು. ಅರಿಶಿಣದ ನೀರು ಎರಚುವುದು, ಅಮೃತಾಳ ನಗು, ಹೆಂಗಸರ ಹಾಡು. ಮಂದಿ ಸೀಟಿ ಹೊಡೆದರು. ಶಾಮೀದ ನನ್ನ ಕಿವಿಯಲ್ಲಿ, “ಅಕ್ಕಾ, ಮೂರೂ ಒಂದಾ ಕ್ಯಾಮೆರಾ ಅನಸಾಕತ್ತೈತಿ ನೋಡ್ರಿ,” ಎಂದ. ನಾನು ಹುಬ್ಬು ಹಾರಿಸಿದೆ.

ಆಮೇಲೆ ಹಾಲೇಶ ಬಂದ. ಇಡೀ ಗೋಡೆಯಷ್ಟು ಮುಖ. ಬಣ್ಣವಿಲ್ಲ. ಮೆಲ್ಲಗೆ ಕೈ ಬೀಸುತ್ತಿದ್ದಾನೆ, ಮೇಲಿಂದ ಹೂವು ಉದುರುತ್ತಿದೆ, ಕೊಳಲು ಅಳುತ್ತಿದೆ.

ಸೀಟಿ ನಿಂತಿತು. ಅಡುಗೆಯವರ ಸೌಟಿನ ಸದ್ದು ಕೇಳತೊಡಗಿತು. ಯಾಕೆ ಎಂದು ತಿರುಗಿ ಪರದೆ ನೋಡಿದೆ. ಅಯ್ಯೋ ಶಿವನೇ! ಇದು ಫಿಲ್ಮಲ್ಲ, ಭಾವಪೂರ್ಣ ಶ್ರದ್ಧಾಂಜಲಿ! ನಮ್ಮ ಸರ್ಕಲ್ಲುಗಳಲ್ಲಿ ನಿಲ್ಲುವ ಬ್ಯಾನರ್‌ಗಳಲ್ಲಿ ಬದುಕಿದವರಿಗೆ ಬಣ್ಣ, ಸತ್ತವರಿಗೆ ಕಪ್ಪುಬಿಳುಪು, ಮಂಜು, ಹೂವಿನ ಪಕಳೆ. ನನ್ನ ಅಂಗಡಿಯ ಮುಂದಿನ ಅರ್ಧದಲ್ಲಿ ದಿನಾ ಅದೇ ಕೆಲಸ. ಸಣ್ಣ ಹುಡುಗರಿಗೂ ಗೊತ್ತಿರುವುದು ನನಗೆ ಹೊಳೆಯಲಿಲ್ಲ.

ಶಂಕ್ರಮ್ಮ ಎದ್ದು ನಿಂತಿದ್ದರು. “ನನ್ನ ಮಗನ್ನ ಸತ್ತೋರ ಸಾಲಿನಾಗ ಯಾಕ ಕುಂದ್ರಸೀರೋ?” ಎಂದು ಕೂಗಿದ ಕೂಗಿಗೆ ಸ್ಟೇಜಿನ ಮೇಲಿದ್ದ ಮದುಮಗಳು ಹೂವಿನ ದಂಡೆ ಕಟ್ಟಿದ ಹಣೆಯಲ್ಲೇ ಓಡಿಬಂದಳು. ತಾಯಿಯ ಕೂಗು ನಿಲ್ಲಲಿಲ್ಲ: “ಏನ ಆಗೇತಿ ಹಾಲ್ಯಾಗ? ಏನ ಮುಚ್ಚಿಟ್ಟೀರಿ? ಹೇಳ್ರೋ!” ಬೀಗರ ಕಡೆಯವರು ಗುಸುಗುಸು ಶುರು ಮಾಡಿದರು. ಒಬ್ಬ ಮುದುಕ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡೇಬಿಟ್ಟ. ಕೊಟ್ರಪ್ಪ ಗೋಡೆಗೆ ಒರಗಿ ನಿಂತಿದ್ದ.

ಇವನೇನು ಗಂಡಸು, ಮಾತಾಡುವ ಹೊತ್ತಿಗೆ ಬಾಯಿ ಕಟ್ಟಿತೇ ಅಂತ ಸಿಟ್ಟು ಬಂತು. ನಾನೇ ಓಡಿಹೋಗಿ ಶಂಕ್ರಮ್ಮನ ಎರಡೂ ಕೈ ಹಿಡಿದೆ.

“ಯವ್ವಾ, ನನ್ನ ಮಾತ ಕೇಳ್ರಿ! ನಿಮ್ಮ ಮಗಗ ಏನೂ ಆಗಿಲ್ಲ. ಅದು ನನ್ನ ಖಬರಗೇಡಿತನ. ಫೋನಿನಾಗಿನ ಬಣ್ಣ ನಮ್ಮ ಕ್ಯಾಮೆರಾದ ಬಣ್ಣಕ್ಕ ಕೂಡಲಿಲ್ಲ, ಅದಕ್ಕ ಬಣ್ಣ ತಗದೆ. ಬರ್ರಿಲ್ಲೆ, ತೋರಸ್ತೀನಿ.”

“ಸುಳ್ಳು ಹೇಳಾಕತ್ತಿ. ನಿನಗ ಇವರು ಹೇಳಿಕೊಟ್ಟಾರ.”

“ನನ್ನ ಕೊಳ್ಳಾಗಿನ ತಾಳಿ ಆಣಿ ಯವ್ವಾ!” ತಾಳಿ ಹೊರಗೆ ತೆಗೆದು ಮುಷ್ಟಿಯಲ್ಲಿ ಹಿಡಿದೆ. “ನನ್ನ ಮಗಳ ಆಣಿ! ನಿಮ್ಮ ಹಾಲೇಶ ಗುಂಡಕಲ್ಲ ಇದ್ದಂಗ ಅದಾನ. ನಿನ್ನೆ ವಿಡಿಯೋ ಕಳಿಸ್ಯಾನ. ರಜಾ ಸಿಕ್ಕಿಲ್ಲ, ಅಷ್ಟ.”

ಲ್ಯಾಪ್‌ಟಾಪ್ ತಂದು ಅವರ ತೊಡೆಯ ಮೇಲಿಟ್ಟು ಬಣ್ಣದ ಮೂಲ ಕ್ಲಿಪ್ಪು ಹಾಕಿದೆ. ಕಡಿದ ಭಾಗ ಬಿಟ್ಟು, ಮುಂದಿನದು. ನೀಲಿ ಆಕಾಶ, ಹಳದಿ ಹೆಲ್ಮೆಟ್, ಹಲ್ಲು ತೋರಿಸಿ ನಗುವ ಹುಡುಗ. ಅವ್ವಾ, ಅರಾಮ ಅದೀನಿ. ಶಂಕ್ರಮ್ಮ ಬೆರಳಿನಿಂದ ಆ ಮುಖವನ್ನು ಮುಟ್ಟಿದರು. “ಸ್ವೆಟರ್ ಹಾಕ್ಯಾನ,” ಎಂದರು.

“ಎತ್ತರದಾಗ ಥಂಡಿ ಇರ್ತೈತಿ ಯವ್ವಾ,” ಎಂದೆ.

ಅವರು ನನ್ನ ಕಣ್ಣನ್ನೇ ನೋಡಿದರು. ನನ್ನ ಕಣ್ಣಿನಲ್ಲಿ ಸುಳ್ಳು ಇರಲಿಲ್ಲ, ಏಕೆಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಅತ್ತೂ ನಕ್ಕೂ ನನ್ನ ಬೆನ್ನಿಗೊಂದು ಗುದ್ದಿದರು. “ಹಾಳಾದಾಕಿ, ಜೀವಾನ ತಗದಿದ್ದೆಲ್ಲ!” ಮಂದಿಗೆ ಹೋದ ಉಸಿರು ಬಂತು. ಮುದುಕ ರುಮಾಲು ಮತ್ತೆ ಸುತ್ತಿಕೊಂಡ. ಅಮೃತಾ ನನ್ನ ಕಡೆ ಕೆಕ್ಕರಿಸಿ ನೋಡಿ ಸ್ಟೇಜಿಗೆ ಹೋದಳು. ವಾಲಗ ಜೋರಾಯಿತು. ತಾಳಿ ಕಟ್ಟುವಾಗ ಶಂಕ್ರಮ್ಮ ಎರಡೂ ಕೈ ತುಂಬ ಅಕ್ಕಿಕಾಳು ಹಿಡಿದು ಒಗೆದರು. ನನ್ನ ಕಣ್ಣಿಗೂ ನೀರು ಬಂತು.

ಪಂಕ್ತಿ ಕೂತ ಮೇಲೆ ಕೊಟ್ರಪ್ಪನನ್ನು ಹುಡುಕಿಕೊಂಡು ಹೋದೆ. ಅಷ್ಟು ಮಂದಿಯ ಮುಂದೆ ನನ್ನನ್ನು ಒಬ್ಬಳನ್ನೇ ನಿಲ್ಲಿಸಿ ಸುಮ್ಮನಿದ್ದವನಿಗೆ ನಾಲ್ಕು ಮಾತು ಅಂದೇ ಬಿಡಬೇಕೆಂದಿದ್ದೆ. ಅವನು ಉಗ್ರಾಣದಲ್ಲಿ ಅಕ್ಕಿಚೀಲದ ಮೇಲೆ ಕೂತಿದ್ದ.

“ಏನ್ ಸಾವಕಾರ್ರ? ನಿಮ್ಮ ಹುಡುಗಗ ಒಂದ ಫೋನ್ ಹಚ್ಚಿ ಕೊಟ್ಟಿದ್ರ ಮುಗೀತಿತ್ತು. ನಾ ತಾಳಿ ಹಿಡದು ಆಣಿ ಮಾಡಬೇಕಾತು!”

ಅವನು ಎದ್ದು ಬಂದು ನನ್ನ ಕಾಲಿಗೆ ಬಿದ್ದ. ನಾನು ಹಿಂದೆ ಸರಿದೆ.

“ತಂಗಿ, ನೀ ಇರಲಿಲ್ಲಂದ್ರ ನಮ್ಮ ಹುಡುಗಿ ಮದಿವಿ ನಿಂತ ಹೋಗ್ತಿತ್ತು. ನಿಂತ ಮದಿವಿ ಮತ್ತ ಕೂಡತಿರಲಿಲ್ಲ. ಕಾಲ್ಗುಣ ಛಲೋ ಇಲ್ಲಂತ ಆ ಕೂಸಿನ ಮ್ಯಾಲೆ ಹಾಕ್ತಿದ್ರು.”

“ಯಾಕ ನಿಲ್ತಿತ್ತು? ಏನ ಮಾತಾಡಾಕತ್ತೀರಿ?”

“ಹಾಲ್ಯಾ ಮೊನ್ನಿ ಸಂಜಿಕ ಬಿದ್ದಾನ. ಫ್ಯಾನಿನ ಮ್ಯಾಲಿಂದ. ನಿನ್ನೆ ಸುರಗಿ ಹೊತ್ತಿನ್ಯಾಗ ಫೋನ ಬಂತು.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಹೆಣ ತರೂ ಗಾಡಿ ಸೊಲ್ಲಾಪುರದ ಹತ್ರ ಬಂದೈತಿ. ಬೀಗರು ಹೊಂಡೂತನಕ ಅಷ್ಟ. ಆಮ್ಯಾಲೆ ನಾನ ಹೇಳ್ತೀನಿ.”

“ವಿಡಿಯೋ?” ಎಂದೆ.

“ಹೋದ ಚಳಿಗಾಲದ್ದು. ಅವಾಗ ವೈನಿಗೆ ತೋರಸೂದ ಮರತಿದ್ದೆ.”

ಅಲ್ಲೇ ಚೀಲದ ಮೇಲೆ ಕೂತೆ. ಹೊರಗೆ ಗೋಧಿ ಹುಗ್ಗಿ ಬಡಿಸುವವರ ಕೂಗು. ನನ್ನ ಕೈ ತಾಳಿಯ ಮೇಲೆ ಹೋಯಿತು, ಬೆಂಕಿ ಮುಟ್ಟಿದಂತೆ ಹಿಂದೆ ಬಂತು. ತಾಳಿಯ ಆಣೆ ಮಾಡಿದ್ದೆ, ಮಗಳ ಆಣೆ ಮಾಡಿದ್ದೆ. ಹೆತ್ತ ತಾಯಿಗೆ ಹೊಟ್ಟೆಯಲ್ಲೇ ಗೊತ್ತಾಗಿತ್ತು, ಬಾಯಿಬಿಟ್ಟು ಕೇಳಿದ್ದಳು. ಅದನ್ನು ಅವಳಿಂದ ಕಿತ್ತುಕೊಂಡವಳು ನಾನು. ಕೊಟ್ರಪ್ಪನನ್ನು ಬೈಯಬೇಕೆಂದರೆ ಬೈಗಳ ಬರಲಿಲ್ಲ. ನನಗೆ, ಬೈಗಳ ಬರಲಿಲ್ಲ!

“ಇಲ್ಲೇ ಅದಿಯೇನವಾ? ಎಲ್ಲೆಲ್ಲಿ ಹುಡಕಬೇಕು ನಿನ್ನ?” ಬಾಗಿಲಲ್ಲಿ ಶಂಕ್ರಮ್ಮ. ಕೊಟ್ರಪ್ಪ ಗೋಡೆಯ ಕಡೆ ತಿರುಗಿ ಚೀಲ ಎಣಿಸುವವನಂತೆ ನಿಂತ. ಅವರ ಮುಖ ನಿನ್ನೆಯ ಮುಖವಲ್ಲ. ಹತ್ತು ವರ್ಷ ಕಡಿಮೆಯಾಗಿತ್ತು. “ಉಂಡಿಲ್ಲ ಹೌದಿಲ್ಲೋ? ಆಮ್ಯಾಲೆ ನಾನ ಬಡಸ್ತೀನಿ. ಮೊದಲ ಒಂದ ಕೆಲಸ ಮಾಡು. ಮುಂಜಾನಿ ಅಷ್ಟೂ ಮಂದಿ ನನ್ನ ಮಗನ್ನ ಕಪ್ಪುಬಿಳಿಯಾಗ ನೋಡ್ಯಾರ. ಅಪಶಕುನ ಆತು. ಈಗ ಬಣ್ಣದ್ದು ದೊಡ್ಡ ಪರದಿ ಮ್ಯಾಲ ಹಚ್ಚು. ಎಲ್ಲಾರೂ ನೋಡಲಿ, ಅರಾಮ ಅದಾನಂತ.”

“ಯವ್ವಾ... ಆ ವೈರು...” ಎಂದೆ.

“ಏನ ವೈರು? ಆ ಸಾಬರ ಹುಡುಗ ಸರಿ ಐತಿ ಅಂದ. ಏಳು.” ನನ್ನ ಕೈ ಹಿಡಿದು ಎಬ್ಬಿಸಿದರು. ಕೈ ಬೆಚ್ಚಗಿತ್ತು.

ನಾನು ಕೊಟ್ರಪ್ಪನ ಬೆನ್ನು ನೋಡಿದೆ. ಬೆನ್ನು ಅಲ್ಲಾಡಲಿಲ್ಲ. ಹೇಳಿಬಿಡಲೇ ಅಂತ ಬಾಯಿ ತೆರೆದೆ. ಹೊರಗೆ ಸ್ಟೇಜಿನ ಮೇಲೆ ಅಮೃತಾ ಹೊಸ ಗಂಡನ ಬಾಯಿಗೆ ಸಿಹಿ ಇಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ. “ಅಕ್ಕಾ, ಮಾರಿ ಯಾಕ ಹಂಗ ಆಗೇತ್ರಿ?” ಎಂದ ಶಾಮೀದ. ಬೇರೆ ಯಾವುದೋ ಫೈಲು ತೆರೆಯಿತು, ಮುಚ್ಚಿ ಮತ್ತೆ ಹುಡುಕಿದೆ.

ಹಾಲೇಶ ಪರದೆಯ ತುಂಬ ಬಂದ. ಏನೂ ತಿದ್ದದ, ಒಡಕಲು ಬಣ್ಣದ ಹಾಲೇಶ. ಅವ್ವಾ, ಅರಾಮ ಅದೀನಿ. ನನ್ನ ಚಿಂತಿ ಮಾಡಬ್ಯಾಡ. ಮಂದಿ ಚಪ್ಪಾಳೆ ತಟ್ಟಿದರು. ಶಂಕ್ರಮ್ಮ ಪರದೆಯ ಕೆಳಗೆ ಹೋಗಿ ನಿಂತು ಕತ್ತು ಎತ್ತಿ, ಎಲ್ಲರಿಗೂ ಕೇಳುವಂತೆ, “ಉಂಡಿ ಏನೋ ಹಾಲ್ಯಾ?” ಎಂದರು. ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ಅವನು ಕೈ ಬೀಸಿದ, ಪರದೆ ಕಪ್ಪಾಯಿತು.

“ಎಷ್ಟ ಲಗೂ ಹೋದ,” ಎಂದರು ಶಂಕ್ರಮ್ಮ, ನನ್ನ ಕಡೆ ತಿರುಗಿ. “ಇನ್ನೊಮ್ಮಿ ಹಚ್ಚವಾ.”

ಹಚ್ಚಿದೆ.